ಆಸ್ಪತ್ರೆಯ ಗೋಡೆ ದಾಟಿ ಗೌರಿಬಿದನೂರಿಗೆ

ಗೌರಿಬಿದನೂರು ಮೊದಲು ಕೋಲಾರ ಜಿಲ್ಲೆಯ ತಾಲ್ಲೂಕು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಿ ಈ ಊರು ಅದಕ್ಕೆ ಸೇರಿದ್ದು 2007ರಲ್ಲಿ. ಅಲ್ಲಿಯವರೆಗೆ ಗೌರಿಬಿದನೂರಿನವರು ಜಿಲ್ಲಾ ಕೇಂದ್ರಕ್ಕೆ ಹೋಗಬೇಕೆಂದರೆ ಇಡೀ ಜಿಲ್ಲೆಯನ್ನು ಅಡ್ಡ ಹಾಯಬೇಕಿತ್ತು. ಅದಕ್ಕಿಂತ ಬೆಂಗಳೂರಿನ ರೈಲು ಹತ್ತುವುದೇ ಸುಲಭ. ಆದರೆ ಮನೆಯಲ್ಲಿ ಒಬ್ಬರಿಗೆ ಬುದ್ಧಿ ಸ್ಥಿಮಿತ ತಪ್ಪಿದೆ, ರಾತ್ರಿಯೆಲ್ಲ ಒಬ್ಬರೇ ಮಾತಾಡುತ್ತಾರೆ, ಅನ್ನ ಬಿಟ್ಟಿದ್ದಾರೆ ಎಂದಾಗ ಆ ರೈಲೂ ಸುಲಭವಲ್ಲ. ಜೊತೆಗೆ ಇಬ್ಬರಾದರೂ ಹೋಗಬೇಕು, ಎರಡು ದಿನದ ಕೂಲಿ ಬಿಡಬೇಕು, ಊರವರ ಕಣ್ಣು ತಪ್ಪಿಸಿ ಹೊರಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ, 'ಹುಚ್ಚಾಸ್ಪತ್ರೆ'ಗೆ ಸೇರಿಸಿದರು ಎಂಬ ಮಾತಿಗೆ ತಲೆಕೊಡಬೇಕು. ಆ ಮನೆಯ ಹೆಣ್ಣುಮಕ್ಕಳ ಮದುವೆಗೂ ಅದು ಅಡ್ಡ ಬರುತ್ತಿತ್ತು.

ಇಂಥ ಊರಿಗೆ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ತಂಡ ತಾನೇ ಬರತೊಡಗಿದ್ದು ಕರ್ನಾಟಕದ ಮನೋವೈದ್ಯದ ಚರಿತ್ರೆಯಲ್ಲಿ ದೊಡ್ಡ ತಿರುವು. ತಿಂಗಳಿಗೊಮ್ಮೆ, ಗೊತ್ತಾದ ದಿನ, ಗೊತ್ತಾದ ಜಾಗದಲ್ಲಿ ಮನೋವೈದ್ಯರು, ಸಮಾಜಕಾರ್ಯಕರ್ತರು, ದಾದಿಯರು ಕುಳಿತು ರೋಗಿಯನ್ನು ಅವರ ಮನೆಯವರೊಡನೆ ನೋಡಿ, ಮಾತಾಡಿ, ಔಷಧಿ ಕೊಟ್ಟು ಕಳಿಸುವ ವ್ಯವಸ್ಥೆ ಅದು. ಗೌರಿಬಿದನೂರಿನ ಜೊತೆಗೆ ಮಧುಗಿರಿ, ಕನಕಪುರ, ಮದ್ದೂರು, ಆನೇಕಲ್, ಗುಂಜೂರುಗಳಲ್ಲೂ ಇಂಥ ಸಂಚಾರಿ ಚಿಕಿತ್ಸಾಲಯಗಳು ನಡೆದವು. ಇವನ್ನು 'ಸ್ಯಾಟಲೈಟ್ ಕ್ಲಿನಿಕ್' ಎಂದು ಕರೆದರು.

ಮಾನವತಾವಾದಿ ಮನಶ್ಶಾಸ್ತ್ರ ಎಂದರೆ ಕಾಲೇಜು ಪಠ್ಯದಲ್ಲಿ ಮಾಸ್ಲೋವಿನ ತ್ರಿಕೋನ, ಕಾರ್ಲ್ ರೋಜರ್ಸ್‌ನ ಹೆಸರು, ಐದು ಅಂಕದ ಒಂದು ಪ್ರಶ್ನೆ. ಪರೀಕ್ಷೆ ಮುಗಿದರೆ ಅದೂ ಮುಗಿಯಿತು. ಆದರೆ ಆ ಪಂಥ ಕೇಳಿದ ಮೂಲ ಪ್ರಶ್ನೆಯನ್ನು, ಅಂದರೆ ಎದುರಿಗೆ ಕುಳಿತವನನ್ನು ರೋಗದ ಹೆಸರಿನಿಂದ ನೋಡುತ್ತೀರೋ, ಅವನ ಬದುಕು, ಬಂಧು, ಭಾಷೆಗಳ ಸಮೇತ ಇಡೀ ಮನುಷ್ಯನಾಗಿ ನೋಡುತ್ತೀರೋ ಎಂಬುದನ್ನು, ಕರ್ನಾಟಕದ ಕೆಲವು ವೈದ್ಯರು ತಮ್ಮದೇ ದಾರಿಯಲ್ಲಿ ಕೇಳಿಕೊಂಡರು. ಉತ್ತರ ಹುಡುಕುತ್ತಾ ಆಸ್ಪತ್ರೆಯ ಗೋಡೆಯಾಚೆಗೆ ನಡೆದರು. ಗೌರಿಬಿದನೂರು, ಶಿಡ್ಲಘಟ್ಟಗಳು ಆ ದಾರಿಯಲ್ಲಿ ಸಿಗುವ ಊರುಗಳು.

ಆ ಗೋಡೆ ಹಳೆಯದು. 1840ರ ದಶಕದ ಕೊನೆಯಲ್ಲಿ ಮೈಸೂರು ಕಮಿಷನ್ನಿನ ಶಸ್ತ್ರವೈದ್ಯ ಚಾರ್ಲ್ಸ್ ಅರ್ವಿಂಗ್ ಸ್ಮಿತ್ ಬೆಂಗಳೂರಿನಲ್ಲಿ ಹುಚ್ಚರ ಆಶ್ರಯಧಾಮವೊಂದನ್ನು ಕಟ್ಟಿಸಿದ. ಮುಂದೆ ಬಂದ 1912ರ ಭಾರತೀಯ ಉನ್ಮಾದ ಕಾಯ್ದೆಯ ಪ್ರಕಾರ ಮನೋರೋಗಿಯನ್ನು ಆಸ್ಪತ್ರೆಗೆ ಸೇರಿಸುವ ಮುಖ್ಯ ದಾರಿ ಮ್ಯಾಜಿಸ್ಟ್ರೇಟರ ಆದೇಶ. ಬೀದಿಯಲ್ಲಿ ಅಲೆಯುವವನನ್ನು ಅಪಾಯಕಾರಿ ಎಂದು ಕಂಡರೆ ಪೊಲೀಸರೇ ಹಿಡಿದು ತರಬಹುದಿತ್ತು. ಚಿಕಿತ್ಸೆಗಿಂತ ಕಾವಲಿಗೆ ಬರೆದ ಕಾನೂನು ಅದು. ಒಳಗೆ ಹೋದವನು ಎಂದು ಹೊರಗೆ ಬರುತ್ತಾನೆ ಎಂದು ಕೇಳುವವರೂ ಕಡಿಮೆ. ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸುತ್ತಿದ್ದ ಭೋರ್ ಸಮಿತಿಗಾಗಿ ದೇಶದ ಮಾನಸಿಕ ಆಸ್ಪತ್ರೆಗಳನ್ನು ನೋಡಿಬಂದ ಕರ್ನಲ್ ಮೂರ್ ಟೇಲರ್ ಬರೆದ ವರದಿ ಕಟುವಾಗಿತ್ತು. ಬಹುಪಾಲು ಆಸ್ಪತ್ರೆಗಳು ಕೂಡಿಹಾಕಲು ಕಟ್ಟಿದವು, ಗುಣಪಡಿಸಲು ಕಟ್ಟಿದವಲ್ಲ ಎಂಬುದು ಅವನ ತೀರ್ಮಾನ. ನಲವತ್ತು ಕೋಟಿ ಜನರ ದೇಶದಲ್ಲಿ ಮನೋರೋಗಿಗಳಿಗೆ ಇದ್ದದ್ದು ಸುಮಾರು ಹತ್ತು ಸಾವಿರ ಹಾಸಿಗೆ.

ಮೈಸೂರು ಸಂಸ್ಥಾನ ಈ ಚಿತ್ರದಲ್ಲಿ ಸ್ವಲ್ಪ ಬೇರೆ ನಿಲ್ಲುತ್ತದೆ. ಬೆಂಗಳೂರಿನ ಆಶ್ರಯಧಾಮ 1925ರಲ್ಲೇ 'ಮಾನಸಿಕ ಆಸ್ಪತ್ರೆ' ಎಂಬ ಹೆಸರು ಪಡೆಯಿತು. ಅದರ ಹಿಂದಿನ ವರ್ಷ, 1924ರಲ್ಲಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಗಿತ್ತು. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ ಅದನ್ನು ಕಟ್ಟಿದರು. 1935ರಲ್ಲಿ ತಮ್ಮ ಮನೆಯಿಂದಲೇ ಪುಟ್ಟ ಬಾನುಲಿ ಕೇಂದ್ರ ನಡೆಸಿ ಅದಕ್ಕೆ 'ಆಕಾಶವಾಣಿ' ಎಂದು ಹೆಸರಿಟ್ಟವರೂ ಇವರೇ. ಮನಸ್ಸಿನ ವಿದ್ಯೆ ಪ್ರಯೋಗಾಲಯದಲ್ಲಿ ಉಳಿಯದೆ ಜನರ ಮನೆಗೆ ತಲುಪಬೇಕೆಂಬ ಹಂಬಲ ಈ ನೆಲದಲ್ಲಿ ಅಷ್ಟು ಮೊದಲೇ ಇತ್ತು.

1930ರ ದಶಕದ ಕೊನೆಯ ಹೊತ್ತಿಗೆ ಆಸ್ಪತ್ರೆ ಪೇಟೆಯ ಇಕ್ಕಟ್ಟು ಬಿಟ್ಟು ಹೊಸೂರು ರಸ್ತೆಯ ಬದಿಯ ವಿಶಾಲವಾದ ಆವರಣಕ್ಕೆ ಬಂತು. ಹಿಂದಿನ ಮುಖ್ಯಸ್ಥ ಫ್ರಾಂಕ್ ನೊರೊನ್ಹಾ ಅವರ ನಂತರ ಅದರ ಹೊಣೆ ಹೊತ್ತವರು ಡಾ. ಎಂ.ವಿ. ಗೋವಿಂದಸ್ವಾಮಿ. ವೈದ್ಯರಾಗಿದ್ದುಕೊಂಡೇ ಭಾರತೀಯ ದರ್ಶನಗಳಲ್ಲಿ ಆಳವಾದ ಆಸಕ್ತಿ ಇಟ್ಟುಕೊಂಡಿದ್ದವರು ಅವರು. ಮನೋವೈದ್ಯ ಒಂದು ಕಡೆ, ಮನಶ್ಶಾಸ್ತ್ರ ಇನ್ನೊಂದು ಕಡೆ ಇದ್ದರೆ ರೋಗಿ ನಡುವೆ ಬಿದ್ದುಹೋಗುತ್ತಾನೆ ಎಂಬ ಅರಿವು ಅವರ ಕೆಲಸದಲ್ಲಿ ಕಾಣುತ್ತದೆ. ಭೋರ್ ಸಮಿತಿಯ ಸಲಹೆಯಂತೆ 1954ರಲ್ಲಿ ಅದೇ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿದಾಗ ಅವರು ಮೊದಲ ನಿರ್ದೇಶಕರಾದರು. ಅಲ್ಲಿ ಮನೋವೈದ್ಯರೂ ಮನಶ್ಶಾಸ್ತ್ರಜ್ಞರೂ ಒಂದೇ ಸೂರಿನಡಿ ಕಲಿಯತೊಡಗಿದರು. ಸಂಸ್ಕೃತ, ಬೌದ್ಧ ದರ್ಶನ, ಶಿಲ್ಪಶಾಸ್ತ್ರಗಳಲ್ಲಿ ಪ್ರಕಾಂಡರಾದ ಎಸ್.ಕೆ. ರಾಮಚಂದ್ರರಾಯರು ಅಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದರು ಎಂಬುದೊಂದೇ ಸಾಕು, ಆ ಸಂಸ್ಥೆಯ ಆರಂಭದ ಕಾಲದ ಹರಹು ತಿಳಿಯಲು.

ಅದೇ 1950ರ ದಶಕದಲ್ಲಿ ದೂರದ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಒಂದು ಸರಳವಾದ ಕೆಲಸ ಮಾಡಿದರು. ಆಸ್ಪತ್ರೆಯ ಮೈದಾನದಲ್ಲಿ ಡೇರೆ ಹೊಡೆಸಿ, ರೋಗಿಗಳ ಜೊತೆ ಅವರ ಮನೆಯವರನ್ನೂ ಇರಿಸಿಕೊಂಡರು. ಒಂಟಿಯಾಗಿ ಬಿಟ್ಟುಹೋದವರಿಗಿಂತ ಮನೆಯವರ ಜೊತೆಗಿದ್ದವರು ಬೇಗ ಚೇತರಿಸಿಕೊಂಡು ಊರಿಗೆ ಮರಳಿದರು. ವೆಲ್ಲೂರಿನ ಮಾನಸಿಕ ಆರೋಗ್ಯ ಕೇಂದ್ರವೂ ಇದೇ ಜಾಡು ಹಿಡಿಯಿತು. ಬೆಂಗಳೂರಿನಲ್ಲೂ ಅದು ಬೇರೂರಿತು. ಇಂದಿಗೂ ನಿಮ್ಹಾನ್ಸ್‌ನ ತೆರೆದ ವಾರ್ಡುಗಳಲ್ಲಿ ರೋಗಿಯ ಹಾಸಿಗೆಯ ಪಕ್ಕ ತಾಯಿಯೋ ಅಣ್ಣನೋ ಹೆಂಡತಿಯೋ ಇರುತ್ತಾರೆ. ಬೇರೆ ದೇಶದ ವೈದ್ಯರು ಬಂದು ನೋಡಿ ಬೆರಗಾಗುವುದು ಅಲ್ಲಿನ ಯಂತ್ರಗಳಿಗಲ್ಲ, ಈ ನೋಟಕ್ಕೆ.

ಇನ್ನು ಮಾನವತಾವಾದಿ ಪಂಥ ಹುಟ್ಟಿದ ಅಮೆರಿಕ. ಅಲ್ಲಿ ಆಗ ಮನಶ್ಶಾಸ್ತ್ರ ಎರಡು ಬಣಗಳ ಕೈಯಲ್ಲಿತ್ತು. ಫ್ರಾಯ್ಡನ ಅನುಯಾಯಿಗಳಿಗೆ ಮನುಷ್ಯ ಬಾಲ್ಯದ ಗಾಯಗಳ, ಅದುಮಿಟ್ಟ ಆಸೆಗಳ ಮೊತ್ತ. ವರ್ತನಾವಾದಿಗಳಿಗೆ ಅವನು ಪ್ರಚೋದನೆಗೆ ಪ್ರತಿಕ್ರಿಯೆ ಕೊಡುವ ಜೀವಿ; ಇಲಿಗೂ ಅವನಿಗೂ ಅಳತೆಯ ವ್ಯತ್ಯಾಸ ಮಾತ್ರ. ನ್ಯೂಯಾರ್ಕಿನ ಬ್ರೂಕ್ಲಿನ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಅಬ್ರಹಾಂ ಮಾಸ್ಲೋ 1943ರಲ್ಲಿ ಬರೆದ ಪ್ರಬಂಧದಲ್ಲಿ ಹಸಿವು, ಭದ್ರತೆ, ಪ್ರೀತಿ, ಗೌರವಗಳನ್ನು ದಾಟಿ ಮನುಷ್ಯನಿಗೆ ತನ್ನೊಳಗಿನ ಶಕ್ತಿಯನ್ನು ಪೂರ್ತಿ ಅರಳಿಸಿಕೊಳ್ಳುವ ಹಂಬಲವೂ ಇದೆ ಎಂದ. ರೋಗಿಗಳನ್ನಷ್ಟೇ ನೋಡಿ ಮನುಷ್ಯನ ಸ್ವಭಾವ ಹೇಳಲಾಗದು, ನೆಮ್ಮದಿಯಿಂದ ತುಂಬಿ ಬದುಕಿದವರನ್ನೂ ನೋಡಬೇಕು ಎಂಬುದು ಅವನ ವಾದ.

ಕಾರ್ಲ್ ರೋಜರ್ಸ್‌ಗೆ ಕಣ್ಣು ತೆರೆಸಿದ್ದು ಪುಸ್ತಕವಲ್ಲ, ಒಬ್ಬ ತಾಯಿ. ರಾಚೆಸ್ಟರ್ ಎಂಬ ಊರಿನ ಮಕ್ಕಳ ಮಾರ್ಗದರ್ಶನ ಕೇಂದ್ರದಲ್ಲಿ ಅವನು ಕೆಲಸ ಮಾಡುತ್ತಿದ್ದಾಗ ತುಂಟ ಮಗನನ್ನು ಕರೆದುಕೊಂಡು ಒಬ್ಬ ಹೆಂಗಸು ಬರುತ್ತಿದ್ದಳು. ಮಗನ ತೊಂದರೆಗೆ ತಾಯಿ ಅವನನ್ನು ಒಳಗೊಳಗೇ ತಿರಸ್ಕರಿಸಿದ್ದೇ ಕಾರಣ ಎಂದು ರೋಜರ್ಸ್‌ಗೆ ಖಾತ್ರಿ. ವಾರಗಟ್ಟಲೆ ಅದನ್ನು ಅವಳಿಗೆ ತಿಳಿಹೇಳಲು ನೋಡಿದ, ಆಗಲಿಲ್ಲ. ಕೊನೆಗೆ ಇಬ್ಬರೂ ಪ್ರಯತ್ನಪಟ್ಟೆವು, ಇಲ್ಲಿಗೆ ಬಿಡೋಣ ಎಂದು ಕೈ ಕುಲುಕಿದ. ಬಾಗಿಲವರೆಗೆ ಹೋದ ಆಕೆ ತಿರುಗಿ, ಇಲ್ಲಿ ದೊಡ್ಡವರಿಗೂ ಸಲಹೆ ಕೊಡುತ್ತೀರಾ ಎಂದು ಕೇಳಿದಳು. ಹೂಂ ಎಂದೊಡನೆ ಮತ್ತೆ ಬಂದು ಕುಳಿತು, ಗಂಡನೊಡನೆ ತನ್ನ ಬಾಳು ಹೇಗೆ ಹಳಸಿತು ಎಂಬುದನ್ನೆಲ್ಲ ತೋಡಿಕೊಂಡಳು. ಅದು ರೋಜರ್ಸ್ ಬರೆದುಕೊಂಡಿದ್ದ ಅಚ್ಚುಕಟ್ಟಾದ ಕೇಸು ವರದಿಗೆ ಕಿಂಚಿತ್ತೂ ಹೋಲದ ಕಥೆ. ಎಲ್ಲಿ ನೋವಿದೆ, ಯಾವ ದಿಕ್ಕಿಗೆ ಹೋಗಬೇಕು ಎಂಬುದು ಬಂದವರಿಗೇ ಗೊತ್ತಿರುತ್ತದೆ, ಸಲಹೆಗಾರ ಅವರನ್ನು ಹಿಂಬಾಲಿಸಬೇಕು ಎಂಬ ಅವನ ಇಡೀ ಚಿಂತನೆ ಮೊಳೆತದ್ದು ಅಲ್ಲಿ. ಬಂದವರನ್ನು ಷರತ್ತಿಲ್ಲದೆ ಗೌರವಿಸುವುದು, ಅವರ ಜಾಗದಲ್ಲಿ ನಿಂತು ಅರಿಯುವುದು, ಮುಖವಾಡವಿಲ್ಲದೆ ಮಾತಾಡುವುದು, ಈ ಮೂರನ್ನು ಅವನು 1957ರ ಹೊತ್ತಿಗೆ ಚಿಕಿತ್ಸೆಯ ಜೀವಾಳ ಎಂದು ಬರೆದ.

1961ರಲ್ಲಿ ಈ ಪಂಥಕ್ಕೊಂದು ಪತ್ರಿಕೆ, ಎರಡು ವರ್ಷದ ನಂತರ ಒಂದು ಸಂಘ. 1964ರ ನವೆಂಬರ್‌ನಲ್ಲಿ ಕನೆಕ್ಟಿಕಟ್‌ನ ಓಲ್ಡ್ ಸೇಬ್ರೂಕ್ ಎಂಬ ಸಣ್ಣ ಊರಿನಲ್ಲಿ ಮಾಸ್ಲೋ, ರೋಜರ್ಸ್, ರೋಲೋ ಮೇ, ಗಾರ್ಡನ್ ಆಲ್‌ಪೋರ್ಟ್, ಶಾರ್ಲೊಟ್ ಬ್ಯೂಲರ್ ಮೊದಲಾದವರು ಕೂಡಿ 'ಮೂರನೆಯ ಶಕ್ತಿ'ಯ ತಳಹದಿ ಹಾಕಿದರು. ಆ ಸಭೆಯಲ್ಲಿದ್ದ ಗಾರ್ಡ್ನರ್ ಮರ್ಫಿ 1950ರಲ್ಲೇ ಯುನೆಸ್ಕೋ ಪರವಾಗಿ ಭಾರತಕ್ಕೆ ಬಂದು, ದೇಶವಿಭಜನೆಯ ಗಾಯ ಹಸಿಯಾಗಿದ್ದಾಗ ಕೋಮುಗಳ ನಡುವಣ ಬಿಗುವನ್ನು ಅಧ್ಯಯನ ಮಾಡಿದ್ದವನು.

ಕುತೂಹಲವೆಂದರೆ, ಅದೇ 1964ರಲ್ಲಿ ಬೆಂಗಳೂರಿನ ಎನ್.ಸಿ. ಸೂರ್ಯ ಮತ್ತು ಎಸ್.ಎಸ್. ಜಯರಾಂ 'ಇಂಡಿಯನ್ ಜರ್ನಲ್ ಆಫ್ ಸೈಕಿಯಾಟ್ರಿ'ಯಲ್ಲಿ ಒಂದು ಪುಟ್ಟ ಪ್ರಬಂಧ ಬರೆದರು. ಭಾರತದ ನೆಲದಲ್ಲಿ ಮಾತಿನ ಚಿಕಿತ್ಸೆ ಹೇಗಿರಬೇಕು ಎಂಬುದು ಅದರ ವಿಷಯ. ನಾಲ್ಕೇ ಪುಟ. ಆದರೆ ಈ ಇಡೀ ಚರಿತ್ರೆಯ ಕೀಲಿ ಅದರಲ್ಲಿದೆ.

ಅವರು ಕಂಡದ್ದು ಇಷ್ಟು. ನಮ್ಮ ರೋಗಿ ಬಂದು ತನ್ನ ಒಳಮನಸ್ಸಿನ ಗಂಟುಗಳ ವಿವರಣೆ ಕೇಳುವುದಿಲ್ಲ. ಎದುರಿನ ಕಷ್ಟಕ್ಕೆ ಆಸರೆ ಕೇಳುತ್ತಾನೆ. ಗಡಿಯಾರ ನೋಡಿ ಐವತ್ತು ನಿಮಿಷಕ್ಕೆ ಎದ್ದು ಹೋಗುವ ಸಂಬಂಧ ಅವನಿಗೆ ಒಗ್ಗುವುದಿಲ್ಲ. ವೈದ್ಯನನ್ನು ಮನೆಯ ಹಿರಿಯನಂತೆ, ಗುರುವಿನಂತೆ ಹಚ್ಚಿಕೊಳ್ಳುತ್ತಾನೆ, ಸಲಹೆ ಕೊಡಿ ಎಂದು ಹಟ ಹಿಡಿಯುತ್ತಾನೆ. ಪಶ್ಚಿಮದ ಪಠ್ಯ ಇದನ್ನು ಅವಲಂಬನೆ ಎಂದು ಕರೆದು ಹಳಿಯುತ್ತದೆ. ಇಲ್ಲಿ ಅದೇ ನಂಬಿಕೆಯ ಮೊದಲ ಮೆಟ್ಟಿಲು. 1973ರಲ್ಲಿ ಮನೋವೈದ್ಯ ಜೆ.ಎಸ್. ನೇಕಿ ಗುರು–ಶಿಷ್ಯ ಸಂಬಂಧವನ್ನೇ ಚಿಕಿತ್ಸೆಯ ಮಾದರಿಯಾಗಿ ಮುಂದಿಟ್ಟು ಈ ಚರ್ಚೆಯನ್ನು ಬೆಳೆಸಿದರು.

ರೋಜರ್ಸ್ ಸಲಹೆ ಕೊಡಬೇಡ ಎಂದ. ಸೂರ್ಯ–ಜಯರಾಂ ನಮ್ಮವರು ಸಲಹೆ ಬೇಡುತ್ತಾರೆ ಎಂದರು. ಮೇಲ್ನೋಟಕ್ಕೆ ಇವು ಎದುರುಬದುರು. ಆದರೆ ಎರಡರ ಬೇರು ಒಂದೇ. ಬಂದವರನ್ನು ನಿಮ್ಮ ಸಿದ್ಧಾಂತಕ್ಕೆ ತಕ್ಕಂತೆ ಕತ್ತರಿಸಬೇಡಿ, ಅವರು ಹೇಗಿದ್ದಾರೋ ಹಾಗೆ ಕೇಳಿಸಿಕೊಳ್ಳಿ. ಬೆಂಗಳೂರಿನ ಆ ಇಬ್ಬರು ರೋಜರ್ಸ್‌ನ ವಿಧಾನವನ್ನು ಒಪ್ಪದೆಯೇ ಅವನ ಮಾತಿನ ತಿರುಳಿಗೆ ಹೆಚ್ಚು ನಿಷ್ಠರಾಗಿದ್ದರು ಎಂದರೆ ತಪ್ಪಲ್ಲ.

ರೋಜರ್ಸ್ 1940ರ ದಶಕದ ಮೊದಲರ್ಧದಲ್ಲಿ ಪಾಠ ಹೇಳಿದ್ದು ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. ಅವನು ಬಿಟ್ಟುಹೋದ ಎಷ್ಟೋ ವರ್ಷದ ಮೇಲೆ ಅದೇ ವಿಶ್ವವಿದ್ಯಾಲಯದಿಂದ 1960ರಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಮರಳಿದವರು ಗೌರಿಬಿದನೂರು ತಾಲ್ಲೂಕು ಹೊಸೂರಿನ ಎಚ್. ನರಸಿಂಹಯ್ಯ. ಇದು ಬರೀ ಕಾಕತಾಳೀಯ. ಆದರೆ ಎಚ್ಚೆನ್ ತಮ್ಮದೇ ಬಗೆಯ ಮಾನವತಾವಾದಿ. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿ ಮಾಡಿದರು. ದೊಡ್ಡವರನ್ನು ಎದುರು ಹಾಕಿಕೊಂಡರು. ಹೊಸೂರು, ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಶಾಲೆ ಕಾಲೇಜು ಬೆಳೆಸಿದರು. ಹಳ್ಳಿಯ ಹುಡುಗನಿಗೂ ಸ್ವಂತವಾಗಿ ಯೋಚಿಸುವ ಶಕ್ತಿಯಿದೆ ಎಂಬ ಅವರ ನಂಬಿಕೆ ಎಷ್ಟು ಗಟ್ಟಿಯಿತ್ತೆಂದರೆ ಇಡೀ ಬದುಕನ್ನು ಹಾಸ್ಟೆಲಿನ ಕೋಣೆಯಲ್ಲಿ ವಿದ್ಯಾರ್ಥಿಗಳ ನಡುವೆಯೇ ಕಳೆದರು. ಮೂರ್ಛೆ ಬಂದವಳನ್ನು ದೆವ್ವ ಹಿಡಿದಿದೆ ಎಂದು ಬೇವಿನ ಸೊಪ್ಪಿನಲ್ಲಿ ಬಡಿಯುವ ಊರುಗಳಲ್ಲಿ ಪ್ರಶ್ನೆ ಕೇಳುವ ಒಂದು ತಲೆಮಾರು ಬೆಳೆದದ್ದು ಮುಂದೆ ಬಂದ ವೈದ್ಯರಿಗೂ ನೆಲ ಹದಮಾಡಿತು.

1974ರ ಕೊನೆಯಲ್ಲಿ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. ಮರುವರ್ಷವೇ ಅಲ್ಲಿ ಸಮುದಾಯ ಮನೋವೈದ್ಯ ಘಟಕ ಆರಂಭವಾಯಿತು. ಅದರ ಹಿಂದಿನ ಮುಖ್ಯ ಶಕ್ತಿ ಡಾ. ಆರ್.ಎಲ್. ಕಪೂರ್. ಅವರು ಬರಿಗೈಲಿ ಬಂದವರಲ್ಲ. ಸ್ಕಾಟ್ಲೆಂಡಿನ ಮನೋವೈದ್ಯ ಮಾರಿಸ್ ಕಾರ್ಸ್ಟೇರ್ಸ್ ಜೊತೆಗೂಡಿ ಕರಾವಳಿಯ ಕೋಟ ಗ್ರಾಮದಲ್ಲಿ ಮನೆಮನೆ ಅಧ್ಯಯನ ಮಾಡಿದ್ದರು. ಬ್ರಾಹ್ಮಣರು, ಬಂಟರು, ಮೊಗವೀರರು, ಈ ಮೂರು ಸಮುದಾಯಗಳ ಕಷ್ಟಸುಖ, ಮನೋವ್ಯಾಕುಲ, ಬದಲಾಗುತ್ತಿದ್ದ ಬದುಕು ಎಲ್ಲವನ್ನೂ ದಾಖಲಿಸಿದ ಆ ಪುಸ್ತಕ 1976ರಲ್ಲಿ ಹೊರಬಂತು. ಕೋಟದ ಜನ ವೈದ್ಯರ ಬಳಿಯೂ ಹೋಗುತ್ತಿದ್ದರು, ಮಂತ್ರವಾದಿಯ ಬಳಿಯೂ, ದರ್ಶನದ ಪಾತ್ರಿಯ ಬಳಿಯೂ. ಅವರಿಗೆ ಇದರಲ್ಲಿ ವಿರೋಧವೇ ಕಾಣುತ್ತಿರಲಿಲ್ಲ. ಅದನ್ನು ಅಜ್ಞಾನ ಎಂದು ತಳ್ಳದೆ, ನೊಂದವರು ಎಲ್ಲಿ ಯಾರ ಮಾತು ಕೇಳಿ ಸಮಾಧಾನಗೊಳ್ಳುತ್ತಾರೆ ಎಂದು ಕೂತು ಗಮನಿಸಿದ್ದು ಆ ಅಧ್ಯಯನದ ಹೆಚ್ಚುಗಾರಿಕೆ.

ಬೆಂಗಳೂರಿನ ಹೊರವಲಯದ ಸಕಲವಾರ ಎಂಬ ಹಳ್ಳಿಯಲ್ಲಿ ನಿಮ್ಹಾನ್ಸ್‌ನ ಗ್ರಾಮೀಣ ಕೇಂದ್ರ ತಲೆಯೆತ್ತಿತು. ಕಪೂರ್, ಮೋಹನ್ ಐಸಾಕ್, ಸಿ.ಆರ್. ಚಂದ್ರಶೇಖರ್, ಮುಂದೆ ಆರ್. ಶ್ರೀನಿವಾಸಮೂರ್ತಿ, ಇವರೆಲ್ಲ ಅಲ್ಲಿ ಕೈಯಾರೆ ಮಾಡಿ ಕಲಿತದ್ದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಕಲಿಸಿದರು. ಮನೋರೋಗ ಗುರುತಿಸಲು ಪರಿಣತರೇ ಬೇಕಿಲ್ಲ. ಊರಿನ ಸೂಲಗಿತ್ತಿ, ಶಾಲಾ ಮೇಷ್ಟ್ರು, ಆರೋಗ್ಯ ಸಹಾಯಕಿ ಗುರುತಿಸಬಲ್ಲರು, ಧೈರ್ಯ ಹೇಳಬಲ್ಲರು ಎಂಬುದು ಅವರ ಸಾಧನೆಯ ಸಾರ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಾಗ, 1980ರ ದಶಕದ ನಡುವೆ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ಪ್ರಯೋಗಕ್ಕಿಟ್ಟಾಗ, ಅದರ ಬುನಾದಿಯಲ್ಲಿ ಸಕಲವಾರದ ಅನುಭವವಿತ್ತು.

ಗೌರಿಬಿದನೂರಿನಂಥ ಊರುಗಳ ಸಂಚಾರಿ ಚಿಕಿತ್ಸಾಲಯ ಇದೇ ಪ್ರವಾಹದ ಇನ್ನೊಂದು ಕವಲು. ಇಲ್ಲಿ ವೈದ್ಯರಿಗೆ ಮೊದಲು ಎದುರಾಗುವುದು ರೋಗದ ಹೆಸರಲ್ಲ. ತಲೆಭಾರ, ಎದೆಯುರಿ, ಕೈಕಾಲು ಜೋಮು, ನಿದ್ದೆ ಇಲ್ಲ, ಗಾಳಿ ಸೋಕಿದೆ, ಯಾರೋ ಮಾಟ ಮಾಡಿಸಿದ್ದಾರೆ, ಇವು. ಜೊತೆಗೆ, ಆಂಧ್ರದ ಗಡಿಗೆ ತಾಕಿದ ಈ ಸೀಮೆಯಲ್ಲಿ ಅಂಗಡಿಯ ಮಾತು ಕನ್ನಡವಾದರೂ ಎಷ್ಟೋ ಮನೆಗಳ ಒಳಮಾತು ತೆಲುಗು. ಅಳು ಬಂದಾಗ ಮಾತು ತಾನಾಗಿ ಮನೆಯ ಭಾಷೆಗೆ ಹೊರಳುತ್ತದೆ. ಅದನ್ನು ಬಲ್ಲ ದಾದಿಯೋ ಸಮಾಜಕಾರ್ಯಕರ್ತೆಯೋ ತಂಡದಲ್ಲಿದ್ದರೆ ಅರ್ಧ ಚಿಕಿತ್ಸೆ ಆದಂತೆ. ಇಂಥ ಶಿಬಿರಗಳಿಗೆ ಬರುವವರಲ್ಲಿ ಮೂರ್ಛೆರೋಗದವರೂ ಬಹಳ. ದಿನಕ್ಕೊಂದು ಅಗ್ಗದ ಮಾತ್ರೆಯಿಂದ ಹತೋಟಿಗೆ ಬರುವ ಕಾಯಿಲೆಗೆ ಕಬ್ಬಿಣ ಹಿಡಿಸಿ, ಬರೆ ಹಾಕಿಸಿಕೊಂಡು ವರ್ಷಗಟ್ಟಲೆ ಶಾಲೆ ಬಿಟ್ಟು ಕೂತ ಮಕ್ಕಳಿದ್ದರು. ಮಾತ್ರೆ ಶುರುವಾಗಿ ಫಿಟ್ಸ್ ನಿಂತ ಒಂದು ಮಗು ಇಡೀ ಬೀದಿಯ ನಂಬಿಕೆಯನ್ನು ಬದಲಿಸಬಲ್ಲದು. ಭಾಷಣದಿಂದ ಆಗದ ಕೆಲಸ ಅದು.

ತಿಂಗಳಿಗೊಮ್ಮೆ ಬರುವ ವೈದ್ಯರ ಮುಂದೆ ಸೊಸೆಯ ಕಾಯಿಲೆಯ ಬಗ್ಗೆ ಅತ್ತೆಯೂ ಮಾತಾಡುತ್ತಾಳೆ, ಗಂಡನೂ ಮಾತಾಡುತ್ತಾನೆ. ಪಶ್ಚಿಮದ ಕ್ಲಿನಿಕ್ಕಿನ ಕಣ್ಣಿಗೆ ಇದು ಗದ್ದಲ. ಆದರೆ ಯಾರು ಅವಳ ಪರ, ಯಾರು ವಿರೋಧ, ಮನೆಗೆ ಹೋದ ಮೇಲೆ ಮಾತ್ರೆ ಕೊಡುವವರು ಯಾರು ಎಂಬುದು ಆ ಹತ್ತು ನಿಮಿಷದಲ್ಲೇ ಬಯಲಾಗುತ್ತದೆ. ಅವಳೊಬ್ಬಳನ್ನೇ ಪಕ್ಕಕ್ಕೆ ಕರೆದು ಕೇಳಬೇಕಾದ ಹೊತ್ತು ಯಾವುದು ಎಂದು ತಿಳಿಯುವುದು ವೈದ್ಯರ ಜಾಣ್ಮೆ.

ಆಸ್ಪತ್ರೆ ಊರಿಗೆ ಬಂದಂತೆ ಮನಸ್ಸಿನ ಮಾತು ಕನ್ನಡಕ್ಕೂ ಬಂತು. ಅದನ್ನು ತಂದ ಮೊದಲಿಗರಲ್ಲಿ ಒಬ್ಬರು ಡಾ. ಎಂ. ಶಿವರಾಂ, ಎಲ್ಲರ ಪ್ರೀತಿಯ ರಾಶಿ. 1942ರಿಂದ 1967ರವರೆಗೆ 'ಕೊರವಂಜಿ' ನಡೆಸಿ ನಾಡನ್ನು ನಗಿಸಿದ ಇದೇ ವೈದ್ಯರ 'ಮನಮಂಥನ' ಎಂಬ ಮನೋವೈದ್ಯದ ಪುಸ್ತಕಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ನಂತರ ಸಿ.ಆರ್. ಚಂದ್ರಶೇಖರ್. ಸಕಲವಾರದ ಕಾಲದಿಂದಲೂ ಹಳ್ಳಿಗಳಲ್ಲಿ ಓಡಾಡಿದ ಅವರು ಇನ್ನೂರಕ್ಕೂ ಹೆಚ್ಚು ಪುಸ್ತಕ ಬರೆದರು, ವೈದ್ಯರಲ್ಲದ ಸಾಮಾನ್ಯರನ್ನು ಆಪ್ತಸಲಹೆಗಾರರನ್ನಾಗಿ ತಯಾರು ಮಾಡಿದರು. ಚಿಂತಾಮಣಿಯ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಸಿಗುವ ಅಗ್ಗದ ಪುಸ್ತಿಕೆ ಓದಿ ತನಗಿರುವುದು ಖಿನ್ನತೆ, ಅದಕ್ಕೆ ಮದ್ದಿದೆ ಎಂದು ತಿಳಿಯುವುದು ಇಂಥವರ ದುಡಿಮೆಯಿಂದ ಸಾಧ್ಯವಾಯಿತು.

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದಲ್ಲಿ ಅಮ್ಮಾಜಾನ್ ಬಾವಾಜಾನ್ ದರ್ಗಾ ಇದೆ. ಹಿಂದೂಗಳು, ಮುಸ್ಲಿಮರು ಎಲ್ಲರೂ ಹೋಗುತ್ತಾರೆ. ಮನಸ್ಸು ಕೆಟ್ಟವರನ್ನು, ಗಾಳಿ ಸೋಕಿದೆ ಎಂದುಕೊಂಡವರನ್ನು ಕರೆತರುವವರೂ ಉಂಟು. ಇಂಥ ತಾಣಗಳ ಬಗ್ಗೆ ಎರಡು ಘಟನೆಗಳನ್ನು ಒಟ್ಟಿಗೆ ನೆನೆಯಬೇಕು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸುತ್ತ ಬೆಳೆದಿದ್ದ ಖಾಸಗಿ ಮನೆಗಳಲ್ಲೊಂದಕ್ಕೆ ಬೆಂಕಿ ಬಿದ್ದು 28 ಮಂದಿ ಸತ್ತರು. ಸರಪಳಿ ಬಿಗಿದಿದ್ದರಿಂದ ಓಡಲಾಗಲಿಲ್ಲ. ಮರುವರ್ಷ ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬೇರೊಂದು ಚಿತ್ರ ಕೊಟ್ಟರು. ತಮಿಳುನಾಡಿನದೇ ಒಂದು ದೇವಸ್ಥಾನದಲ್ಲಿ ತೀವ್ರ ಮನೋರೋಗದ 31 ಮಂದಿ ಮನೆಯವರೊಡನೆ ಕೆಲ ವಾರ ಉಳಿದಿದ್ದರು. ಔಷಧಿಯಿಲ್ಲ, ವಿಶೇಷ ವಿಧಿಗಳೂ ಇಲ್ಲ, ಬೈಗುಳ ಹೊಡೆತವಿಲ್ಲ. ದೇವಸ್ಥಾನದ ಸಣ್ಣಪುಟ್ಟ ಕೆಲಸ, ಎಲ್ಲರ ನಡುವೆ ಇರುವಿಕೆ ಅಷ್ಟೇ. ಅವರ ರೋಗಲಕ್ಷಣಗಳು ಅಳತೆಯಲ್ಲಿ ಸುಮಾರು ಐದನೇ ಒಂದರಷ್ಟು ತಗ್ಗಿದ್ದವು. ಔಷಧಿ ಬೇಡ ಎಂದು ಇದರ ಅರ್ಥವಲ್ಲ. ಅಧ್ಯಯನ ಮಾಡಿದವರೂ ಹಾಗೆ ಹೇಳಲಿಲ್ಲ. ಸರಪಳಿ ಬಿಗಿದ ಜಾಗಕ್ಕೂ ಆದರಿಸಿದ ಜಾಗಕ್ಕೂ ಇರುವ ಅಂತರ ಸಾವು ಬದುಕಿನದು ಎಂದು ಮಾತ್ರ ಈ ಎರಡು ಘಟನೆಗಳು ಸಾರುತ್ತವೆ.

ಶಿಡ್ಲಘಟ್ಟದ ಕಥೆಗೆ ಇನ್ನೊಂದು ದೇಶದ ನಂಟು. 1959ರಲ್ಲಿ ಇಂಗ್ಲೆಂಡಿನ ರಿಚ್ಮಂಡ್‌ನಲ್ಲಿ ಎಲ್ಲಿ ಯಾನ್ಸನ್ ಎಂಬ ಡಚ್ ತರುಣಿ ಒಂದು ಮನೆ ಬಾಡಿಗೆ ಹಿಡಿದು, ಮಾನಸಿಕ ಆಸ್ಪತ್ರೆಯಿಂದ ಹೊರಬಂದು ಹೋಗಲು ಜಾಗವಿಲ್ಲದವರನ್ನು ತನ್ನೊಡನೆ ಬಾಳಲು ಕರೆದಳು. ಅಡುಗೆ, ಕಸ, ಲೆಕ್ಕ, ಜಗಳ, ರಾಜಿ ಎಲ್ಲವೂ ಎಲ್ಲರವು. ವಾರದ ಸಭೆಯಲ್ಲಿ ಎಲ್ಲರ ಮಾತಿಗೂ ಒಂದೇ ತೂಕ. ರೋಗಿ ಎಂಬ ಪಟ್ಟ ಕಳಚಿ ಮನೆಮಂದಿಯಾಗುವುದೇ ಅಲ್ಲಿನ ಮದ್ದು. ಆ ಮನೆ ರಿಚ್ಮಂಡ್ ಫೆಲೋಶಿಪ್ ಆಗಿ ಬೆಳೆದು 1986ರಲ್ಲಿ ಬೆಂಗಳೂರಿಗೂ ಬಂತು. ಮನೋವೈದ್ಯ ಎಸ್. ಕಲ್ಯಾಣಸುಂದರಂ ಅದನ್ನು ಇಲ್ಲಿ ಬೆಳೆಸಿದವರಲ್ಲಿ ಮುಖ್ಯರು. 'ಆಶಾ' ಎಂಬ ಅರೆದಾರಿಮನೆ, 'ಜ್ಯೋತಿ' ಎಂಬ ದೀರ್ಘವಾಸದ ಮನೆ, 'ಚೇತನ' ಎಂಬ ಹಗಲುಕೇಂದ್ರ ಬೆಂಗಳೂರಿನಲ್ಲಿ ಆದವು.

ಆಮೇಲೆ ಆ ಸಂಸ್ಥೆ ದೆಹಲಿ, ಲಖನೌಗಳ ಜೊತೆಗೆ ಆರಿಸಿಕೊಂಡ ಇನ್ನೊಂದು ಊರು ಶಿಡ್ಲಘಟ್ಟ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು. ಬೆಳಗಾಗುವ ಮೊದಲೇ ಬೇಯುವ ಗೂಡಿನ ವಾಸನೆ ಬೀದಿ ತುಂಬುವ ಊರು. ಹುಳು ಸಾಕುವ ಮನೆಯಲ್ಲಿ ಒಂದು ಬೆಳೆ ಕೈಕೊಟ್ಟರೆ, ರೀಲಿಂಗ್ ಮಾಡುವವನಿಗೆ ಒಂದು ವಾರ ದರ ಕುಸಿದರೆ ಸಾಲ ಮನಸ್ಸನ್ನು ಹಿಂಡುತ್ತದೆ. ಮಹಾನಗರಗಳ ಸಾಲಿನಲ್ಲಿ ಹಳ್ಳಿಗರಿಗಾಗಿ ಇಂಥ ತಾಲ್ಲೂಕು ಕೇಂದ್ರದಲ್ಲಿ ಒಂದು ಶಾಖೆ ತೆರೆದದ್ದು ಸಣ್ಣ ನಿರ್ಧಾರವಲ್ಲ. ಪುನರ್ವಸತಿ ಎಂದರೆ ನಗರದ ಉಳ್ಳವರಿಗೆ ಎಂಬ ಅಭಿಪ್ರಾಯಕ್ಕೆ ಶಿಡ್ಲಘಟ್ಟ ಉತ್ತರ ಕೊಟ್ಟಿತು.

2000ದ ಹೊತ್ತಿಗೆ ಬೆಂಗಳೂರಿನಿಂದ ಕೆಲಸ ಆರಂಭಿಸಿದ ಬೇಸಿಕ್‌ನೀಡ್ಸ್ ಎಂಬ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ದೊಡ್ಡಬಳ್ಳಾಪುರದ ಗ್ರಾಮೀಣ ಅಭ್ಯುದಯ ಸೇವಾ ಸಂಸ್ಥೆಯಂಥ ಸ್ಥಳೀಯ ಸಂಘಟನೆಗಳ ಜೊತೆ ಸೇರಿ ಅದು ಮೊದಲು ಮಾಡಿದ್ದು, ಮನೋರೋಗ ಇದ್ದವರನ್ನೂ ಅವರನ್ನು ನೋಡಿಕೊಳ್ಳುವವರನ್ನೂ ಕೂಡಿಸಿ ನಿಮಗೇನು ಬೇಕು ಎಂದು ಕೇಳಿದ್ದು. ಔಷಧಿ ಹತ್ತಿರದಲ್ಲಿ ಸಿಗಲಿ ಎಂದರು, ಕೆಲಸ ಬೇಕು ಎಂದರು. ಎರಡು ಕುರಿ, ಒಂದು ಹಸು, ಹೊಲದ ಕೆಲಸ ಇವು ಚಿಕಿತ್ಸೆಯ ಭಾಗವಾದವು. ಏನು ಬೇಕೆಂದು ನೊಂದವರನ್ನೇ ಕೇಳಿ ಅವರನ್ನು ಹಿಂಬಾಲಿಸುವುದು, ರೋಜರ್ಸ್ ಆ ತಾಯಿಯಿಂದ ಕಲಿತದ್ದು ಇದನ್ನೇ.

ಕಾನೂನು ತಡವಾಗಿ ಬಂತು. 1912ರ ಕಾಯ್ದೆಯ ಜಾಗಕ್ಕೆ 1987ರ ಕಾಯ್ದೆ, ಅದರ ಜಾಗಕ್ಕೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. 2018ರ ಮೇ 29ರಿಂದ ಜಾರಿಯಲ್ಲಿರುವ ಈ ಕಾನೂನಿನಲ್ಲಿ ಮನೋರೋಗಿಯನ್ನು ಸರಪಳಿಯಲ್ಲಿ ಕಟ್ಟುವುದು ನಿಷಿದ್ಧ. ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚೆಯೇ ಬರೆದಿಡುವ ಹಕ್ಕು ಅವರಿಗಿದೆ. ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಬೇಕು, ಅವರ ಆರೈಕೆ ಸರ್ಕಾರದ ಹೊಣೆ.

ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲಿ ಈಗ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. 'ಮನೋಚೈತನ್ಯ' ಯೋಜನೆಯಲ್ಲಿ ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರನ್ನು ಕಾಣುವ ವ್ಯವಸ್ಥೆಯಾಗಿದೆ. ಇದು ಸಣ್ಣ ಸಾಧನೆಯಲ್ಲ. ಆದರೂ ಒಂದು ಆತಂಕ ಉಳಿಯುತ್ತದೆ. ಸಾಲು ಉದ್ದವಾದಷ್ಟೂ ಮಾತು ಕಡಿಮೆಯಾಗುತ್ತದೆ. ಮಾತ್ರೆ ಕೈಗೆ ಬರುತ್ತದೆ, ಕೇಳಿಸಿಕೊಳ್ಳುವವರು ಸಿಗುವುದಿಲ್ಲ. ಸೂರ್ಯ–ಜಯರಾಂ ಗುರುತಿಸಿದ ಆ ಹಿರಿಯನ ಜಾಗ ಖಾಲಿಯೇ ಉಳಿದರೆ ಜನ ಆಸ್ಪತ್ರೆ ಬಿಟ್ಟು ಬೇರೆಡೆ ಹೋಗುತ್ತಾರೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ ಕನ್ನಡ, ತೆಲುಗು ಎರಡೂ ಬಲ್ಲ, ವಾರವಿಡೀ ಇರುವ ಆಪ್ತಸಲಹೆಗಾರರೊಬ್ಬರು ಬೇಕು. ಅದನ್ನು ಕೇಳಿ ಪಡೆಯುವುದು ಆಯಾ ತಾಲ್ಲೂಕಿನವರ ಹಕ್ಕು. ಗ್ರಾಮಸಭೆಗಳಲ್ಲಿ, ಶಾಸಕರ ಮುಂದೆ ಈ ಬೇಡಿಕೆ ಏಳಲಿ.

ಅಲ್ಲಿಯವರೆಗೆ ಓದುಗರು ಒಂದು ಸಂಖ್ಯೆಯನ್ನು ತಮ್ಮ ಮನೆಯಲ್ಲಿ, ನೆರೆಯಲ್ಲಿ ಹಂಚಿಕೊಳ್ಳಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿದರೆ ಹಗಲು ರಾತ್ರಿ ಎನ್ನದೆ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.